ತುಂಗಭದ್ರೆಯ ದಂಡೆಗೊಂದು ಕಾಲುದಾರಿ ಬೇಕು

ಬೆಳಿಗ್ಗೆ ಕಲ್ಲಿನ ರಥ, ಮಧ್ಯಾಹ್ನ ಕಮಲ ಮಹಲ್, ಸಂಜೆ ಹೇಮಕೂಟ, ರಾತ್ರಿ ಬಸ್ಸು. ಹಂಪಿ ಪ್ರವಾಸ ಇಷ್ಟಕ್ಕೇ ಮುಗಿದುಹೋಗುತ್ತಿದೆ. ಹೊಸಪೇಟೆಯಿಂದ ಕಂಪ್ಲಿಯವರೆಗೆ ನೀರುನಾಯಿಗಳ ಹೊಳೆ, ಅದರ ದಕ್ಷಿಣಕ್ಕೆ ಕರಡಿಗಳ ಗುಡ್ಡ, ಅದರಾಚೆ ಸಂಡೂರಿನ ಕಣಿವೆ. ಮೂರನ್ನೂ ಹೆಣೆಯುವ ನಡಿಗೆಯ ಹಾದಿಯೊಂದನ್ನು ಗುರುತಿಸಲು ಇದೇ ಸಕಾಲ.

ಬೆಳಗಿನ ಆರೂವರೆ. ತಳವಾರಘಟ್ಟದ ಹೆಬ್ಬಾಗಿಲ ಕೆಳಗೆ ಐದಾರು ಹೆಣ್ಣುಮಕ್ಕಳು ನಡೆದು ಬರುತ್ತಿದ್ದಾರೆ. ಸೀರೆಯ ಮೇಲೆ ಗಂಡಸರ ತುಂಬುತೋಳಿನ ಅಂಗಿ, ಸೊಂಟಕ್ಕೆ ಸಿಕ್ಕಿಸಿದ ಕುಡುಗೋಲು, ತಲೆಯ ಮೇಲೆ ಬುತ್ತಿಗಂಟು. ಬಾಳೆತೋಟದ ಕೂಲಿಗೆ ಹೊರಟವರು. ಮಳೆಗಾಲದ ನೀರು ಇನ್ನೂ ಇಳಿದಿಲ್ಲ. ಬಂಡೆಗಳ ನಡುವೆ ತುಂಗಭದ್ರೆಯ ಸದ್ದು ಬಾಗಿಲವರೆಗೂ ಕೇಳುತ್ತದೆ. ಆಚೆ ದಡದಲ್ಲಿ ಆನೆಗೊಂದಿಯ ಕೋಟೆಗೋಡೆ ಮಂಜಿನಿಂದ ಮೆಲ್ಲಗೆ ಹೊರಬರುತ್ತಿದೆ.

ಇಲ್ಲಿಂದ ಕೂಗಳತೆಯಲ್ಲೇ ಗೆಜ್ಜಲ ಮಂಟಪ. ಹತ್ತು ಗಂಟೆಯಾದರೆ ಅದರ ಮುಂದೆ ಕಾರುಗಳ ಸಾಲು. ವಿಜಯ ವಿಠ್ಠಲ ದೇವಾಲಯಕ್ಕೆ ಅಲ್ಲಿಂದ ಸುಮಾರು ಒಂದು ಕಿಲೋಮೀಟರು. ಬ್ಯಾಟರಿ ವಾಹನಕ್ಕಾಗಿ ಜನ ಬಿಸಿಲಲ್ಲಿ ಸರದಿ ನಿಲ್ಲುತ್ತಾರೆ. ಪಕ್ಕದಲ್ಲೇ ಒಂದು ಕಾಲದ ವಿಠ್ಠಲ ಬಜಾರು ಕಂಬಸಾಲಾಗಿ, ಪುಷ್ಕರಣಿಯಾಗಿ, ಖಾಲಿ ಬೀದಿಯಾಗಿ ಮಲಗಿದೆ. ಅದರಲ್ಲಿ ನಡೆಯುವವರು ವಿರಳ.

ವಯಸ್ಸಾದವರಿಗೆ, ಕಾಲುನೋವಿನವರಿಗೆ ಆ ವಾಹನ ಬೇಕು, ಇರಲಿ. ಆದರೆ ಉಳಿದವರೂ ಹಂಪಿಯನ್ನು ಚಕ್ರದ ಮೇಲೆಯೇ ನೋಡಿ ಹೋಗುತ್ತಿದ್ದಾರಲ್ಲ ಎಂಬುದು ಈ ಬರಹದ ಕಳವಳ. ಯಾಕೆಂದರೆ ಈ ಸೀಮೆಯ ಜನ ಇನ್ನೂ ನಡೆಯುವುದನ್ನು ಬಿಟ್ಟಿಲ್ಲ. ಹುಣ್ಣಿಮೆ ಬಂದರೆ ಹುಲಿಗೆಮ್ಮನ ಗುಡಿಗೆ ನಡೆದು ಹೋಗುತ್ತಾರೆ. ಹನುಮಮಾಲೆ ಧರಿಸಿದವರು ಬರಿಗಾಲಲ್ಲಿ ಅಂಜನಾದ್ರಿಯ 575 ಮೆಟ್ಟಿಲು ಏರುತ್ತಾರೆ. ಕೊಟ್ಟೂರೇಶ್ವರನ ತೇರಿಗೆ ದಾವಣಗೆರೆ ಕಡೆಯಿಂದ ಸಾವಿರಾರು ಜನ ರಾತ್ರಿಯಿಡೀ ಹೆಜ್ಜೆ ಹಾಕುತ್ತಾರೆ. ದಾರಿಯುದ್ದಕ್ಕೂ ಹಳ್ಳಿಯವರು ನೀರು, ಮಜ್ಜಿಗೆ, ಮಂಡಕ್ಕಿ ಹಿಡಿದು ನಿಂತಿರುತ್ತಾರೆ. ನಡೆಯುವವರಿಗೆ ನೆರಳು ಕೊಡುವ, ಅನ್ನ ಹಾಕುವ ಪದ್ಧತಿ ಇಲ್ಲಿ ಯಾರೂ ಹೊಸದಾಗಿ ಕಲಿಸಬೇಕಾದದ್ದಲ್ಲ.

ಸೆಪ್ಟೆಂಬರ್ 27 ವಿಶ್ವ ಪ್ರವಾಸೋದ್ಯಮ ದಿನ. ಪ್ರತಿ ವರ್ಷ ಆ ಹೊತ್ತಿಗೆ ಹೊಸ ಹೋಟೆಲು, ಹೊಸ ರಸ್ತೆ, ಹೊಸ ರೋಪ್‌ವೇ ಮಾತು ಬರುತ್ತದೆ. ಈ ಸಲವಾದರೂ ಕಾಲುದಾರಿಯ ಮಾತು ಬರಲಿ. ಹೊಸಪೇಟೆಯಲ್ಲಿ ಹೊರಟು ಹಂಪಿ, ಆನೆಗೊಂದಿ, ಬುಕ್ಕಸಾಗರ, ಕಂಪ್ಲಿ, ದರೋಜಿ ಹಾಯ್ದು ಸಂಡೂರು ಸೇರಿ, ರಾಮಗಡದ ಗುಡ್ಡ ಹತ್ತಿಳಿದು ಮತ್ತೆ ಹೊಸಪೇಟೆಗೆ ಬರುವ ಒಂದು ಸುತ್ತು. ಅಂದಾಜು ನೂರು, ನೂರಿಪ್ಪತ್ತು ಕಿಲೋಮೀಟರು. ಇಂಥದ್ದೊಂದು ಅಧಿಕೃತ ಹಾದಿ ಇಂದಿಗೆ ಇಲ್ಲ. ಅದಕ್ಕೆ ಬೇಕಾದದ್ದೆಲ್ಲ ಇದೆ.

ನಡೆದವರೇ ಕಂಡ ಊರು

ಹೊಸಪೇಟೆಯಿಂದಲೇ ಶುರು ಮಾಡೋಣ. ಇದು ಕೃಷ್ಣದೇವರಾಯ ಕಟ್ಟಿಸಿದ ನಾಗಲಾಪುರ. ಪೋರ್ಚುಗೀಸ್ ಕುದುರೆ ವ್ಯಾಪಾರಿಗಳ ಜೊತೆ ಬಂದ ಡೊಮಿಂಗೊ ಪಾಯೆಸ್ 1520ರ ಸುಮಾರಿಗೆ ಈ ಊರನ್ನು ಕಂಡ. ಊರಿನ ದಕ್ಷಿಣಕ್ಕೆ ಎರಡು ಗುಡ್ಡಗಳ ನಡುವೆ ರಾಯ ಕೆರೆಯ ಏರಿ ಕಟ್ಟಿಸುತ್ತಿದ್ದ. ಹದಿನೈದು ಇಪ್ಪತ್ತು ಸಾವಿರ ಆಳುಗಳು ಕೆಲಸದಲ್ಲಿದ್ದರೆಂದು ಪಾಯೆಸ್ ಬರೆದಿಟ್ಟಿದ್ದಾನೆ. ಆ ರಾಯರ ಕೆರೆಯ ಏರಿ ಇವತ್ತು ಹೆದ್ದಾರಿಯ ಮಗ್ಗುಲಲ್ಲಿದೆ. ಸಂಡೂರು ಕಡೆ ಹೋಗುವ ಲಾರಿಗಳ ಧೂಳಿನಲ್ಲಿ ಅದನ್ನು ಕೆರೆಯ ಏರಿಯೆಂದು ಗುರುತಿಸುವವರು ಕಡಿಮೆ.

ಹೊಸಪೇಟೆಯಿಂದ ಹಂಪಿಗೆ ಹೋಗುವ ದಾರಿಯಲ್ಲಿ ಅನಂತಶಯನಗುಡಿ ಇದೆ. 1524ರ ಕಟ್ಟಡ. ಇಟ್ಟಿಗೆ ಗಾರೆಯ ಎತ್ತರದ ಕಮಾನುಮಾಳಿಗೆ, ಒಳಗೆ ಮೂರ್ತಿಯಿಲ್ಲದ ಉದ್ದನೆಯ ಪೀಠ. ಕಾರಿನಲ್ಲಿ ಹೋಗುವವರಿಗೆ ಇದು ಒಂದು ನಿಮಿಷದ ನೋಟ. ನಡೆದು ಬಂದವರಿಗೆ ಅದರ ನೆರಳಲ್ಲಿ ಕೂರದೆ ಮುಂದೆ ಹೋಗಲು ಮನಸ್ಸಾಗುವುದಿಲ್ಲ. ನಾಗಲಾಪುರಕ್ಕೂ ರಾಜಧಾನಿಗೂ ನಡುವಿನ ಬೀದಿಯನ್ನು ಬಿಡದೆ ಮನೆ, ಅಂಗಡಿ, ಗುಡಿಗಳಿಂದ ತುಂಬಿದ್ದರಂತೆ. ಆ ದಾರಿಯ ತುಂಡುಗಳು ಕಬ್ಬಿನ ಗದ್ದೆಗಳ ನಡುವೆ ಅಲ್ಲಲ್ಲಿ ಈಗಲೂ ಸಿಗುತ್ತವೆ: ಒಂದು ಕಲ್ಲುಹಾಸು, ಒಂಟಿ ಮಂಟಪ, ಬೇಲಿಗೆ ಒರಗಿದ ವೀರಗಲ್ಲು.

ಹಂಪಿಯ ಬಗ್ಗೆ ನಮಗಿರುವ ತಿಳಿವಳಿಕೆಯ ಬಹುಪಾಲು ಕಾಲಿನಿಂದ ಬಂದದ್ದು. 1799ರಲ್ಲಿ ಕಾಲಿನ್ ಮೆಕೆಂಜಿ ಇಲ್ಲಿಗೆ ಬಂದು ನಕ್ಷೆ ಮಾಡಿಸಿದ. 1980ರಿಂದ ಎರಡು ದಶಕ ಜಾನ್ ಫ್ರಿಟ್ಜ್ ಮತ್ತು ಜಾರ್ಜ್ ಮಿಷೆಲ್ ಚಳಿಗಾಲ ಬಂತೆಂದರೆ ಇಲ್ಲಿ ಬಿಡಾರ ಹೂಡಿ, ಕಲ್ಲು ಕಲ್ಲಿಗೂ ಸಂಖ್ಯೆ ಕೊಟ್ಟು ಅಳತೆ ತೆಗೆದರು. ಅವರ ಬೆನ್ನಿಗೆ ಕಾರ್ಲಾ ಸಿನೊಪೊಲಿ, ಕ್ಯಾಥಲೀನ್ ಮಾರಿಸನ್ ಹೊರವಲಯವನ್ನು ಹಿಡಿದರು. ಸಾಲಾಗಿ ನಿಂತು ಹೊಲ, ಗುಡ್ಡ, ಕೆರೆಯಂಗಳ ಎನ್ನದೆ ನಡೆದು ಅವರ ತಂಡ 700ಕ್ಕೂ ಹೆಚ್ಚು ನೆಲೆಗಳನ್ನು ದಾಖಲಿಸಿತು. ಕೆರೆ, ತೂಬು, ಕಾವಲುಗೋಪುರ, ದಾರಿಬದಿಯ ಗುಡಿ, ಬಾವಿ. ಅವುಗಳಲ್ಲಿ ಎಷ್ಟೋ ಇಂದಿಗೂ ಯಾವ ಪ್ರವಾಸಿ ನಕ್ಷೆಯಲ್ಲೂ ಇಲ್ಲ.

1986ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದ ಹಂಪಿಯ ಸ್ಮಾರಕ ಪ್ರದೇಶ ಸುಮಾರು 4,187 ಹೆಕ್ಟೇರ್. ಬಂದವರು ಕಾಣುವುದು ಅದರಲ್ಲಿ ಒಂದು ಮುಷ್ಟಿಯಷ್ಟು. ಬೆಳಗ್ಗೆ ಬಿಸಿಲೇರುವ ಮುಂಚೆ ಕೋದಂಡರಾಮನ ಗುಡಿಯಿಂದ ಹೊಳೆಯ ಅಂಚಿನ ಬಂಡೆದಾರಿ ಹಿಡಿದು ಅಚ್ಯುತರಾಯ ಗುಡಿಯ ಬೀದಿ, ವರಾಹ ದೇವಾಲಯ, ತುಲಾಭಾರದ ಕಲ್ಲುಕಂಬ, ಪುರಂದರ ಮಂಟಪ ದಾಟಿ ತಳವಾರಘಟ್ಟಕ್ಕೆ ಬಂದವರಿಗೆ ಗೊತ್ತು, ಹಂಪಿಯ ಅತ್ಯುತ್ತಮ ಬೀದಿ ಇದೇ ಎಂದು. ಇಲ್ಲಿ ಯಾವ ವಾಹನವೂ ಬರಲಾರದು. ನನ್ನ ಮಟ್ಟಿಗೆ ಈ ಎರಡು ಕಿಲೋಮೀಟರು ಇಡೀ ಹಾದಿಯ ಮಾದರಿ ತುಂಡು: ಅಗಲ ಮಾಡಿಲ್ಲ, ಟೈಲ್ಸ್ ಹಾಕಿಲ್ಲ, ಆದರೂ ದಾರಿ ತಪ್ಪುವುದಿಲ್ಲ.

ನೀರುನಾಯಿಗಳ ಹೊಳೆ

ತಳವಾರಘಟ್ಟದಲ್ಲಿ ಹೊಳೆ ದಾಟಿದರೆ ಆನೆಗೊಂದಿ. ಹರಿಗೋಲಿನಲ್ಲಿ ಜನ ದಾಟುತ್ತಿದ್ದ ಜಾಗ ಇದು. ಕುದುರೆ, ಆನೆ, ದವಸ ಎಲ್ಲ ಇಲ್ಲೇ ದಾಟಿರಬೇಕು. ಇಲ್ಲಿ ಕಟ್ಟುತ್ತಿದ್ದ ಸೇತುವೆಯ ಕಾರಣಕ್ಕೇ ಹಂಪಿ 1999ರಲ್ಲಿ ಅಪಾಯದಲ್ಲಿರುವ ಪಾರಂಪರಿಕ ತಾಣಗಳ ಪಟ್ಟಿಗೆ ಬಿತ್ತು; 2006ರಲ್ಲಿ ಹೊರಬಂತು. ಆ ಸೇತುವೆ 2009ರ ಜನವರಿಯಲ್ಲಿ ಕುಸಿದು ಕಾರ್ಮಿಕರ ಜೀವ ತೆಗೆಯಿತು. ಈಗ ವಾಹನಗಳಿಗೆ ಕೆಳಗಡೆ ಬುಕ್ಕಸಾಗರ–ಕಡೆಬಾಗಿಲು ಸೇತುವೆ ಇದೆ. ಹೊಳೆಯಲ್ಲಿ ಸಾಲುಗಟ್ಟಿ ನಿಂತ ಹಳೆಯ ಕಲ್ಲುಕಂಬಗಳು ವಿಜಯನಗರ ಕಾಲದ ಸೇತುವೆಯ ಗುರುತು.

ಆನೆಗೊಂದಿಯಲ್ಲಿ ಒಂದು ರಾತ್ರಿ ಇರಲೇಬೇಕು. ಗಗನ ಮಹಲ್, ರಂಗನಾಥನ ಗುಡಿ, ಹುಚ್ಚಪ್ಪಯ್ಯನ ಮಠದ ಕಪ್ಪುಕಂಬಗಳು, ಹೊಳೆಯ ನಡುಗಡ್ಡೆಯಲ್ಲಿ ನವವೃಂದಾವನ. 1997ರಿಂದ ಇಲ್ಲಿ ಕೆಲಸ ಮಾಡುತ್ತಿರುವ ಕಿಷ್ಕಿಂದಾ ಟ್ರಸ್ಟ್ ಬಾಳೆನಾರಿನಿಂದ ಚೀಲ, ಬುಟ್ಟಿ ಹೆಣೆಯುವ ಕೆಲಸ ಹಬ್ಬಿಸಿ ಹೆಂಗಸರ ಕೈಗೆ ನಾಲ್ಕು ಕಾಸು ಬರುವಂತೆ ಮಾಡಿದೆ. ಹಳೆಯ ಮನೆಗಳನ್ನು ಕೆಡವದೆ ಅತಿಥಿಗಳಿಗೆ ತೆರೆಯಬಹುದು ಎಂಬುದನ್ನೂ ತೋರಿಸಿದೆ. ಗೊನೆ ಕಡಿದ ಮೇಲೆ ಕೊಳೆಯಲು ಬಿಡುತ್ತಿದ್ದ ಬಾಳೆದಿಂಡಿನಿಂದ ಸಂಪಾದನೆ ಹುಟ್ಟಿದ ಊರು ಇದು.

ಇನ್ನು ಹೊಳೆ. ಜಲಾಶಯದ ಬುಡದ ಮುದ್ಲಾಪುರದಿಂದ ಕಂಪ್ಲಿ ಸೇತುವೆಯವರೆಗಿನ 34 ಕಿಲೋಮೀಟರು ತುಂಗಭದ್ರೆಯನ್ನು ರಾಜ್ಯ ಸರ್ಕಾರ 2015ರಲ್ಲಿ ನೀರುನಾಯಿ ಸಂರಕ್ಷಣಾ ಮೀಸಲು ಎಂದು ಘೋಷಿಸಿತು. ನೀರುನಾಯಿಗಾಗಿಯೇ ಮೀಸಲಾದ ಇಂಥ ಪ್ರದೇಶ ದೇಶದಲ್ಲೇ ಮೊದಲನೆಯದು. ಹಂಪಿಗೆ ಬಂದ ನೂರು ಮಂದಿಯಲ್ಲಿ ಒಬ್ಬರಿಗಾದರೂ ಇದು ಗೊತ್ತಿದ್ದೀತೇ? ವಿರೂಪಾಕ್ಷನ ಮುಂದಿನ ಸ್ನಾನಘಟ್ಟವೂ ಆ ಮೀಸಲಿನ ಒಳಗೇ ಇದೆ.

ಹೊಳೆ ಇಲ್ಲಿ ಒಂದೇ ಧಾರೆಯಾಗಿ ಹರಿಯುವುದಿಲ್ಲ. ಬಂಡೆಗಳಿಗೆ ಸಿಕ್ಕಿ ಹತ್ತಾರು ಕವಲಾಗಿ ಒಡೆದು, ಜೊಂಡು ಬೆಳೆದ ನಡುಗಡ್ಡೆಗಳನ್ನು ಸುತ್ತಿ, ಮಡುಗಳಲ್ಲಿ ನಿಂತು ಮುಂದೆ ಹೋಗುತ್ತದೆ. ಬಂಡೆಯ ಸಂದುಗಳೇ ನೀರುನಾಯಿಗಳ ಮನೆ. ನುಣುಪು ಮೈಯ ಈ ಪ್ರಾಣಿ ಒಂಟಿಯಾಗಿರುವುದಿಲ್ಲ. ಕುಟುಂಬವಾಗಿ ಈಜಿ ಮೀನನ್ನು ಸುತ್ತುಗಟ್ಟಿ ಹಿಡಿಯುತ್ತದೆ. ಬೆಳಗಿನ ಹೊತ್ತು ತೇವದ ಬಂಡೆಯ ಮೇಲೆ ಮೀನಿನ ಹೊಳೆಯುವ ಪೊರೆಗಳಿರುವ ಹಿಕ್ಕೆ ಕಂಡರೆ ರಾತ್ರಿ ಅವು ಅಲ್ಲಿದ್ದವು ಎಂದರ್ಥ. ಪ್ರಾಣಿ ಕಾಣುವುದು ಅದೃಷ್ಟ. ಗುರುತು ಕಾಣುವುದು ನಡೆಯುವವನ ಹಕ್ಕು. ಕಾರಿನ ಕಿಟಕಿಗೆ ಅದು ಸಿಗುವುದಿಲ್ಲ.

ಮೀನು ಹಿಡಿಯಲು ಸಿಡಿಮದ್ದು ಹಾಕುವವರು, ಮರಳು ತೋಡುವವರು, ಬಲೆ ಹರಿಯಿತೆಂದು ನೀರುನಾಯಿಯ ಮೇಲೆ ಸಿಟ್ಟಾಗುವವರು ಎಲ್ಲರೂ ಇದೇ ಹೊಳೆಯ ಮೇಲಿದ್ದಾರೆ. ದಂಡೆಯಲ್ಲಿ ಪ್ರತಿದಿನ ನಾಲ್ಕು ಜನ ನಡೆದು ಹೋಗುವುದೇ ದೊಡ್ಡ ಕಾವಲು. ಹರಿಗೋಲು ಹುಟ್ಟುಹಾಕುವ ಬೆಸ್ತರಿಗೆ ಆ ನಾಲ್ಕು ಜನರನ್ನು ಕರೆದೊಯ್ಯುವ ಕೆಲಸ ಸಿಕ್ಕರೆ ನೀರುನಾಯಿ ಬದುಕಿರುವುದು ಅವರ ಮನೆಯ ಲಾಭವೂ ಆಗುತ್ತದೆ.

> ಮೀಸಲು ಎಂದರೆ ಬೇಲಿಯಲ್ಲ
>
> ರಾಷ್ಟ್ರೀಯ ಉದ್ಯಾನ, ವನ್ಯಜೀವಿ ಧಾಮಗಳ ಜೊತೆಗೆ ‘ಸಂರಕ್ಷಣಾ ಮೀಸಲು’ ಎಂಬ ವರ್ಗ ವನ್ಯಜೀವಿ ಕಾಯ್ದೆಗೆ ಸೇರಿದ್ದು 2002ರ ತಿದ್ದುಪಡಿಯಲ್ಲಿ. ಸರ್ಕಾರಿ ಜಾಗದಲ್ಲಿ, ಸುತ್ತಲಿನ ಜನರೊಡನೆ ಸಮಾಲೋಚಿಸಿ ಇದನ್ನು ಘೋಷಿಸಬೇಕು. ನೆರೆಯ ಜನರ ಹಕ್ಕುಗಳಿಗೆ ಧಕ್ಕೆಯಿಲ್ಲ. ವಿಜಯನಗರ ಜಿಲ್ಲೆಯ ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರ ಕೆರೆಯೂ ಇದೇ ವರ್ಗದ ಪಕ್ಷಿ ಮೀಸಲು. 2024ರಲ್ಲಿ ಅದಕ್ಕೆ ರಾಮ್ಸಾರ್ ಮಾನ್ಯತೆ ಸಿಕ್ಕಿತು. ನೀರಲ್ಲಿ ಮುಳುಗಿದ ಜಾಲಿಮರಗಳ ಮೇಲೆ ಸಾವಿರಾರು ಹಕ್ಕಿಗಳು ಗೂಡು ಕಟ್ಟುವ ಆ ಕೆರೆಯನ್ನು ಕಾದವರಲ್ಲಿ ಊರಿನ ಜನ ಮೊದಲಿಗರು.

ಬುಕ್ಕಸಾಗರ, ರಾಮಸಾಗರ ದಾಟಿ ಕಂಪ್ಲಿ ಕಡೆಗೆ ಹೋಗುವಾಗ ಕಾಲುವೆಯೇ ಜೊತೆಗಾರ. ತುರ್ತು ಕಾಲುವೆ, ರಾಮಸಾಗರ ಕಾಲುವೆ, ಕಂಪ್ಲಿ ಕಾಲುವೆ ಇವೆಲ್ಲ ವಿಜಯನಗರ ಕಾಲದವು. ಅರಮನೆಗಳು ಬಿದ್ದುಹೋಗಿ ನಾಲ್ಕೂವರೆ ಶತಮಾನವಾದರೂ ಇವುಗಳಲ್ಲಿ ನೀರು ಹರಿಯುವುದು ನಿಂತಿಲ್ಲ. ಭತ್ತ, ಕಬ್ಬು, ಬಾಳೆ ಬೆಳೆಯುವುದು ನಿಂತಿಲ್ಲ. ಬಳಕೆಯಲ್ಲಿರುವ ಸ್ಮಾರಕವೆಂದರೆ ಇದೇ. ಕಾಲುವೆ ಏರಿ ಸಮತಟ್ಟು, ನೆರಳಿದೆ, ನೀರಿದೆ; ನಡಿಗೆಗೆ ಇದಕ್ಕಿಂತ ಒಳ್ಳೆಯ ನೆಲ ಬೇಕಿಲ್ಲ. ಕೊಯ್ಲಾದ ಮೇಲೆ ಆಲೆಮನೆಯ ಹೊಗೆ ಕಾಣುತ್ತದೆ. ಬಿಸಿ ಬೆಲ್ಲ ಕೇಳಿದರೆ ಇಲ್ಲ ಎನ್ನುವವರನ್ನು ನಾನಂತೂ ಕಂಡಿಲ್ಲ.

ಕಂಪ್ಲಿ ವಿಜಯನಗರಕ್ಕಿಂತ ಹಳೆಯದು. ಕಂಪಿಲರಾಯನ ಹೆಸರು ಈ ಊರಿಗೆ ಅಂಟಿಕೊಂಡಿದೆ. ಅವನ ಮಗ ಗಂಡುಗಲಿ ಕುಮಾರರಾಮನ ಕಥೆ ಇಲ್ಲಿ ಇನ್ನೂ ಹಾಡಾಗಿ ಉಳಿದಿದೆ. 1327ರಲ್ಲಿ ಮಹಮದ್ ಬಿನ್ ತುಘಲಕನ ಸೇನೆಯ ಎದುರು ಆ ಪುಟ್ಟ ರಾಜ್ಯ ಬಿತ್ತು. ಹತ್ತು ವರ್ಷದೊಳಗೆ ಅದೇ ಹೊಳೆಯ ದಂಡೆಯ ಮೇಲೆ ವಿಜಯನಗರ ಎದ್ದಿತು. ಹಂಪಿ ನೋಡಿ ಕಂಪ್ಲಿ ನೋಡದೆ ಹೋದವರು ಕಥೆಯ ಮೊದಲ ಅಧ್ಯಾಯ ಓದದೆ ಹೋದಂತೆ. ಕೋಟೆಯ ಬಳಿ ಹೊಳೆಗೆ ಅಡ್ಡಲಾಗಿರುವ ಸೇತುವೆ ಜಲಾಶಯದಿಂದ ಹೆಚ್ಚು ನೀರು ಬಿಟ್ಟಾಗಲೆಲ್ಲ ಮುಳುಗುತ್ತದೆ. ಆಗ ಗಂಗಾವತಿ ಸಂಪರ್ಕವೇ ಕಡಿದುಹೋಗಿ, ಜನ ಊರು ಸುತ್ತಿ ಹೋಗಬೇಕು.

ಕರಡಿಯ ಹೊತ್ತು, ಮನುಷ್ಯನ ಹೊತ್ತು

ಕಂಪ್ಲಿಯಿಂದ ದಕ್ಷಿಣಕ್ಕೆ ತಿರುಗಿದರೆ ದರೋಜಿ. 1994ರಲ್ಲಿ ಬಿಳಿಕಲ್ಲು ಮೀಸಲು ಅರಣ್ಯದ ಸುಮಾರು 5,587 ಹೆಕ್ಟೇರ್ ಕರಡಿಧಾಮವಾಯಿತು. ಆಮೇಲೆ ಬುಕ್ಕಸಾಗರದ ಅರಣ್ಯ ಸೇರಿ 82 ಚದರ ಕಿಲೋಮೀಟರು ಮೀರಿತು. ಒಂದು ಕಾಲಕ್ಕೆ ಇವು ಬೋಳುಬಂಡೆಯ ಗುಡ್ಡಗಳಾಗಿದ್ದವು. ಮೇಯಿಸುವುದು, ಕಡಿಯುವುದು ನಿಂತ ಮೇಲೆ ಕವಳೆ, ಬಾರೆ, ಸೀತಾಫಲದ ಪೊದೆಗಳು ತಾವಾಗಿ ಮರಳಿದವು. ಪೊದೆಯ ಹಿಂದೆ ಕರಡಿ ಬಂತು, ಚಿರತೆ ಬಂತು, ನವಿಲು, ಬುರ್ಲಿ, ಬಂಡೆಗುಡ್ಡಗಳನ್ನೇ ನೆಚ್ಚಿಕೊಂಡ ಹಳದಿ ಕೊರಳ ಪಿಕಳಾರ ಬಂದವು. ಮಧ್ಯಾಹ್ನದ ಮೇಲೆ ವೀಕ್ಷಣಾ ಗೋಪುರಕ್ಕೆ ಹೋದರೆ ಎದುರಿನ ಕರಡಿಕಲ್ಲು ಗುಡ್ಡದಿಂದ ಕರಡಿಗಳು ಇಳಿಯುವುದನ್ನು ಕಾಣಬಹುದು. ಸಿಬ್ಬಂದಿ ಬಂಡೆಗೆ ಸವರಿಟ್ಟ ಬೆಲ್ಲದ ಪಾಕ ನೆಕ್ಕಲು ತಾಯಿಕರಡಿ ಬೆನ್ನಮೇಲೆ ಮರಿ ಹೊತ್ತು ಬರುವುದೂ ಉಂಟು.

ಇಲ್ಲಿ ಒಂದು ಮಾತು ನೇರವಾಗಿ ಹೇಳಬೇಕು. ಧಾಮದ ಒಳಗೆ ನಡೆಯುವ ಹಾದಿ ಬೇಡ. ಕರಡಿ ಕಣ್ಣಿನ ದೃಷ್ಟಿ ಮಂದವಾಗಿರುವ ಪ್ರಾಣಿ. ಥಟ್ಟನೆ ಎದುರಾದವರ ಮೇಲೆ ಹೆದರಿಕೆಯಿಂದ ಎರಗುತ್ತದೆ. ಮುಸ್ಸಂಜೆಯಿಂದ ನಸುಕಿನವರೆಗೆ ಅದರ ಹೊತ್ತು. ಹೊಲಕ್ಕೆ ನಸುಕಿನಲ್ಲೇ ಹೋಗಿ ಗಾಯಗೊಂಡ ರೈತರು ಈ ಸುತ್ತಿನ ಹಳ್ಳಿಗಳಲ್ಲಿ ಇದ್ದಾರೆ. ಆದ್ದರಿಂದ ನಡಿಗೆಯ ಹಾದಿ ಧಾಮದ ಅಂಚಿನ ಹಳ್ಳಿಗಳ ಬಂಡಿದಾರಿಯಲ್ಲಿ ಹೋಗಲಿ, ಬಿಸಿಲು ಬಿದ್ದ ಮೇಲೆ ಹೊರಟು ಹೊತ್ತು ಇಳಿಯುವ ಮೊದಲೇ ಊರು ಸೇರುವಂತಿರಲಿ, ಊರಿನವರೊಬ್ಬರು ಜೊತೆಗಿರಲಿ. ಗೋಪುರಕ್ಕೆ ಇಲಾಖೆಯ ಅನುಮತಿಯಂತೆ ವಾಹನದಲ್ಲೇ ಹೋಗಬೇಕು. ಕಾಡಿನ ಪ್ರಾಣಿಗೆ ಅದರ ಹೊತ್ತನ್ನು ಬಿಟ್ಟುಕೊಡದ ಚಾರಣ ನಮಗೆ ಬೇಕಾಗಿಲ್ಲ.

ದರೋಜಿಯ ಕೆರೆಯೂ ವಿಜಯನಗರ ಕಾಲದ್ದೇ. ಅದಕ್ಕೆ ನೀರು ತರುವುದು ಸಂಡೂರಿನ ನಾರಿಹಳ್ಳ. ಹಾಗಾಗಿ ನಮ್ಮ ಹಾದಿ ಇಲ್ಲಿಂದ ನೀರಿನ ಹಿಂದೆ ಬಿದ್ದು ಮೇಲಕ್ಕೆ ಹೋಗಬೇಕು. ಆದರೆ ನಡುವೆ ತೋರಣಗಲ್ಲಿನ ಉಕ್ಕಿನ ಕಾರ್ಖಾನೆ, ಅದಿರಿನ ಲಾರಿ, ಚಿಮಣಿಗಳು. ಈ ತುಂಡು ಯಾರೂ ಇಷ್ಟಪಟ್ಟು ನಡೆಯುವ ದಾರಿಯಲ್ಲ. ದರೋಜಿಯಲ್ಲಿ ರೈಲು ಹತ್ತಿ ತೋರಣಗಲ್ಲಿನಲ್ಲಿ ಇಳಿದು ಸಂಡೂರಿಗೆ ಬಸ್ಸು ಹಿಡಿಯುವುದೇ ಸರಿ.

ಕೆಂಪು ಧೂಳಿನಾಚೆಯ ಹಸಿರು

ಗಾಂಧೀಜಿ 1934ರಲ್ಲಿ ಸಂಡೂರಿಗೆ ಬಂದಿದ್ದರು. ಸಂಡೂರನ್ನು ಸೆಪ್ಟೆಂಬರಿನಲ್ಲಿ ನೋಡಬೇಕು ಎಂದು ಅವರು ಹೇಳಿದರೆಂದು ಇಲ್ಲಿನ ಜನ ಇಂದಿಗೂ ಹೆಮ್ಮೆಯಿಂದ ನೆನೆಯುತ್ತಾರೆ. ಮಾತಿನ ಸತ್ಯ ಸೆಪ್ಟೆಂಬರಿಗೆ ಬಂದವರಿಗೆ ತಿಳಿಯುತ್ತದೆ. ಬಳ್ಳಾರಿಯ ಬಯಲಿನಿಂದ ಬಂದ ಕಣ್ಣಿಗೆ ಈ ಕಣಿವೆ ಮಲೆನಾಡಿನ ತುಂಡು ಕಳಚಿ ಬಿದ್ದಂತಿದೆ. ಗುಡ್ಡದ ನೆತ್ತಿಗೆ ಮೋಡ, ಹುಲ್ಲಿನಲ್ಲಿ ಕಾಡುಹೂ, ಬಂಡೆಯ ಬಿರುಕುಗಳಿಂದ ಝರಿ. ಕಣಿವೆಗೆ ಎರಡು ಬಾಗಿಲು: ನಾರಿಹಳ್ಳ ಒಳಬರುವ ಓಬಳಗಂಡಿ, ಹೊರಹೋಗುವ ಭೀಮಗಂಡಿ. ಎರಡೂ ಗುಡ್ಡ ಸೀಳಿ ಮಾಡಿದ ಕಿರುದಾರಿಗಳು. ಕಾಡಿನೊಳಗೆ ಪಾರ್ವತಿ, ಕುಮಾರಸ್ವಾಮಿಯರ ಪ್ರಾಚೀನ ಗುಡಿಗಳು. ಕಾರ್ತಿಕ ಹುಣ್ಣಿಮೆಗೆ ಕೃತ್ತಿಕಾ ನಕ್ಷತ್ರ ಕೂಡಿದ ವರ್ಷ ಅಲ್ಲಿ ದೊಡ್ಡ ಜಾತ್ರೆ. ಗುಡ್ಡದ ದಾರಿಗಳೆಲ್ಲ ಅಂದು ನಡೆಯುವವರಿಂದ ತುಂಬುತ್ತವೆ.

ರಾಮಗಡ ಇನ್ನೊಂದು ಶಿಖರ. ಮೂರು ಸಾವಿರ ಅಡಿಗೂ ಎತ್ತರ. ಬಳ್ಳಾರಿ ದಂಡಿನ ಬ್ರಿಟಿಷ್ ಸೈನಿಕರು ಬಿಸಿಲಿಗೆ ಬೆಂದು ಕಾಯಿಲೆ ಬಿದ್ದಾಗ ಆರೈಕೆಗೆಂದು 1846ರಲ್ಲಿ ಇಲ್ಲಿ ತಂಗುದಾಣ ಮಾಡಿದರು. ಅವರ ಬಂಗಲೆಗಳ ಪಾಯ, ಗೋಡೆ, ಗೋರಿಗಳು ಪೊದೆಯಲ್ಲಿ ಮುಚ್ಚಿಹೋಗಿವೆ.

ಇದೇ ಗುಡ್ಡಗಳ ಹೊಟ್ಟೆಯಲ್ಲಿ ಕಬ್ಬಿಣದ ಅದಿರು. ಅದರ ಕಥೆ ನಾಡಿಗೆಲ್ಲ ಗೊತ್ತು. 2010ರಲ್ಲಿ ಬೆಂಗಳೂರಿನಿಂದ ಬಳ್ಳಾರಿಗೆ 320 ಕಿಲೋಮೀಟರಿನ ಪಾದಯಾತ್ರೆ ನಡೆದದ್ದು ಈ ಗುಡ್ಡಗಳ ಲೂಟಿಯ ವಿರುದ್ಧ. 2011ರ ಜುಲೈನಲ್ಲಿ ಲೋಕಾಯುಕ್ತ ಸಂತೋಷ್ ಹೆಗ್ಡೆ ಅವರ ವರದಿ ಬಂತು. ಅದೇ ವಾರ ಸುಪ್ರೀಂ ಕೋರ್ಟ್ ಬಳ್ಳಾರಿ ಗಣಿಗಾರಿಕೆಗೆ ತಡೆ ಹಾಕಿತು. ಆಮೇಲೆ ಮಿತಿಯೊಳಗೆ ಮತ್ತೆ ಶುರುವಾಯಿತು. 2024ರಲ್ಲಿ ದೇವದಾರಿ ಗುಡ್ಡದ ಸರದಿ ಬಂತು: ಸುಮಾರು 401 ಹೆಕ್ಟೇರ್ ಅರಣ್ಯ, ಕಡಿಯಬೇಕಾದ ಮರಗಳ ಲೆಕ್ಕ 99,330. ಜನ ಬೀದಿಗಿಳಿದರು, ಅರಣ್ಯ ಸಚಿವರು ಭೂಮಿ ಹಸ್ತಾಂತರ ಬೇಡವೆಂದು ಅಧಿಕಾರಿಗಳಿಗೆ ಸೂಚಿಸಿದರು.

ಕಾಲುದಾರಿ ಗಣಿಯನ್ನು ತಡೆಯುತ್ತದೆಂದು ಹೇಳಲಾರೆ. ಆದರೆ ಒಂದು ಗುಡ್ಡವನ್ನು ಸಾವಿರಾರು ಜನ ನಡೆದು ನೋಡಿದ್ದರೆ, ಅದರ ಝರಿಗೆ, ಕಣಿವೆಗೆ ಅವರ ಬಾಯಲ್ಲಿ ಹೆಸರಿದ್ದರೆ, ಅದನ್ನು ಕಡತದಲ್ಲಿ ಬರಿಯ ಹೆಕ್ಟೇರ್ ಲೆಕ್ಕವಾಗಿಸುವುದು ಕಷ್ಟ. ಸಂಡೂರಿನ ಹಸಿರನ್ನು ಕಣ್ಣಾರೆ ಕಂಡ ಕನ್ನಡಿಗರು ಎಷ್ಟು ಮಂದಿ? ಬಹುಮಂದಿಗೆ ಸಂಡೂರು ಎಂದರೆ ಕೆಂಪು ಧೂಳಿನ ಚಿತ್ರವಷ್ಟೇ. ಉಳಿದಿರುವ ಹಸಿರಿಗೆ ಇದು ದೊಡ್ಡ ಅನ್ಯಾಯ.

> ಸೂಜಿಯ ಊರು
>
> ಸಂಡೂರಿನ ತಾಂಡಾಗಳ ಲಂಬಾಣಿ ಹೆಣ್ಣುಮಕ್ಕಳ ಕಸೂತಿ 2010ರಲ್ಲಿ ಭೌಗೋಳಿಕ ಸೂಚ್ಯಂಕ ಮಾನ್ಯತೆ ಪಡೆಯಿತು. 2023ರ ಜುಲೈನಲ್ಲಿ ಹಂಪಿಯಲ್ಲಿ ಜಿ-20 ಸಂಸ್ಕೃತಿ ಸಭೆ ನಡೆದಾಗ ಸಂಡೂರು ಕುಶಲ ಕಲಾ ಕೇಂದ್ರದ 450ಕ್ಕೂ ಹೆಚ್ಚು ಮಹಿಳೆಯರು ಹೊಲಿದ 1,755 ವಸ್ತುಗಳ ಪ್ರದರ್ಶನ ಗಿನ್ನೆಸ್ ದಾಖಲೆ ಸೇರಿತು. ಆ ಸೂಜಿ ಕೆಲಸವನ್ನು ತಾಂಡಾದ ಜಗಲಿಯಲ್ಲೇ ಕೂತು ನೋಡುವ ಅವಕಾಶ ನಡೆದು ಬಂದವರಿಗೆ ಸಿಗಬೇಕು.

ಪಾಯೆಸನ ದೇಶ ಮಾಡಿದ್ದು

ಹೊರಗಿನ ಉದಾಹರಣೆ ಬೇಕೆನ್ನುವವರಿಗೆ ಪಾಯೆಸನ ತವರಾದ ಪೋರ್ಚುಗಲ್ಲೇ ಇದೆ. ಆ ದೇಶದ ನೈರುತ್ಯ ಕರಾವಳಿಯ ಸಂರಕ್ಷಿತ ಪ್ರದೇಶದಲ್ಲಿ, ಊರುಗಳು ಬರಿದಾಗುತ್ತಿದ್ದ ಕಡೆ, 2012ರಲ್ಲಿ ‘ರೋಟಾ ವಿಸೆಂಟಿನಾ’ ಎಂಬ ನಡಿಗೆಯ ಹಾದಿ ಗುರುತಿಸಿದರು. ಅದರ ಒಂದು ಕವಲಿಗೆ ಮೀನುಗಾರರ ಹಾದಿ ಎಂದೇ ಹೆಸರು; ಬೆಸ್ತರು ಗಾಳ ಹಿಡಿದು ಕಡಲಂಚಿಗೆ ಇಳಿಯುತ್ತಿದ್ದ ಜಾಡುಗಳನ್ನೇ ಜೋಡಿಸಿದ್ದು. ಹೊಸ ರಸ್ತೆ ಕಡಿಯಲಿಲ್ಲ. ಕಂಬಕ್ಕೆ, ಕಲ್ಲಿಗೆ ಎರಡು ಬಣ್ಣದ ಗೆರೆ ಎಳೆದರು, ಹಳ್ಳಿಯ ಮನೆಗಳಲ್ಲಿ ಕೋಣೆ ಸಿದ್ಧಮಾಡಿದರು. ಭೂತಾನ್ ತನ್ನ ಹಳೆಯ ಅಂಚೆಯವರ, ಯಾತ್ರಿಕರ ದಾರಿಯನ್ನು ದುರಸ್ತಿ ಮಾಡಿ 2022ರಲ್ಲಿ 403 ಕಿಲೋಮೀಟರಿನ ಹಾದಿಯಾಗಿ ತೆರೆಯಿತು.

ಇಂಥ ಹಾದಿಗಳಿಂದ ಆಗುವ ಲಾಭದ ದಾರಿ ಸರಳ. ಕಾರಿನವರು ಹೊಸಪೇಟೆಯಲ್ಲಿ ತಂಗಿ, ಹಂಪಿಯಲ್ಲಿ ತಿರುಗಿ, ಹೊಸಪೇಟೆಯಲ್ಲೇ ಉಣ್ಣುತ್ತಾರೆ. ಬುಕ್ಕಸಾಗರಕ್ಕೆ, ರಾಮಸಾಗರಕ್ಕೆ, ದರೋಜಿಗೆ ಅವರಿಂದ ಬರುವುದು ಧೂಳು. ನಡೆಯುವವರಿಗೆ ದಿನಕ್ಕೆ ಹದಿನೈದು ಕಿಲೋಮೀಟರಿಗೊಂದು ಹಾಸಿಗೆ ಬೇಕು, ಮಧ್ಯಾಹ್ನಕ್ಕೆ ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಚಟ್ನಿ ಬೇಕು, ಸಂಜೆಗೆ ಒಗ್ಗರಣೆ ಮಂಡಕ್ಕಿ, ಮಿರ್ಚಿ ಬೇಕು. ಆ ಹಣ ದಾರಿಯ ಹಳ್ಳಿಯಲ್ಲೇ ಇಳಿಯುತ್ತದೆ, ಹೆಚ್ಚಾಗಿ ಹೆಂಗಸರ ಕೈಯಲ್ಲಿ.

ತೊಡಕುಗಳನ್ನು ಮುಚ್ಚಿಡಬಾರದು. ಮೊದಲನೆಯದು ಗಡಿ. 2021ರಲ್ಲಿ ವಿಜಯನಗರ ಜಿಲ್ಲೆಯಾದ ಮೇಲೆ ಹೊಸಪೇಟೆ, ಹಂಪಿ ಒಂದು ಜಿಲ್ಲೆಯಲ್ಲಿವೆ, ಸಂಡೂರು, ಕಂಪ್ಲಿ ಬಳ್ಳಾರಿಯಲ್ಲಿವೆ, ಆನೆಗೊಂದಿ ಕೊಪ್ಪಳದಲ್ಲಿದೆ. ಪುರಾತತ್ವ ಇಲಾಖೆ, ಅರಣ್ಯ ಇಲಾಖೆ, ನೀರಾವರಿ ಇಲಾಖೆ, 29 ಹಳ್ಳಿಗಳ ಹಂಪಿ ವಿಶ್ವ ಪರಂಪರೆ ಪ್ರದೇಶ ನಿರ್ವಹಣಾ ಪ್ರಾಧಿಕಾರ ಎಲ್ಲರ ಒಪ್ಪಿಗೆ ಬೇಕು. ಸ್ಮಾರಕದ ಬಂಡೆಗೆ ಬಣ್ಣ ಬಳಿಯುವಂತಿಲ್ಲ. ಗುರುತಿಗೆ ಮೊಳಕಾಲೆತ್ತರದ ಕಲ್ಲು ನೆಟ್ಟರೆ ಸಾಕು. ಕಮಾನು, ಕಾಂಕ್ರೀಟು, ಹೈಮಾಸ್ಟ್ ದೀಪ ಬಂದರೆ ಹಾದಿ ಕೆಟ್ಟಿತೆಂದೇ ಲೆಕ್ಕ. ದುಡ್ಡಿಗೂ ಹುಡುಕಬೇಕಾಗಿಲ್ಲ. ಗಣಿಬಾಧಿತ ಪ್ರದೇಶದ ಪುನಶ್ಚೇತನಕ್ಕೆಂದೇ 2014ರಲ್ಲಿ ನಿಗಮ ಹುಟ್ಟಿದೆ. ಕಾಡು, ನೀರು, ಜೀವನೋಪಾಯ ಮೂರೂ ಅದರ ಕೆಲಸ. ಅದರ ನಿಧಿಯ ಒಂದು ಚೂರು ಸಾಕು.

ಎರಡನೆಯದು ಸುರಕ್ಷತೆ. 2025ರ ಮಾರ್ಚಿನಲ್ಲಿ ಆನೆಗೊಂದಿ ಬಳಿಯ ಸಾಣಾಪುರದ ಕಾಲುವೆ ದಂಡೆಯಲ್ಲಿ ಪ್ರವಾಸಿಗರ ಮೇಲೆ ನಡೆದ ಅತ್ಯಾಚಾರ, ಕೊಲೆ ನಾಡನ್ನೇ ತಲೆತಗ್ಗಿಸುವಂತೆ ಮಾಡಿತು. ಒಂಟಿ ಹೆಣ್ಣುಮಗಳು ಹಗಲಿನಲ್ಲಿ ನಿರ್ಭಯವಾಗಿ ನಡೆಯಲಾಗದ ಹಾದಿಯನ್ನು ಉದ್ಘಾಟಿಸುವುದರಲ್ಲಿ ಅರ್ಥವಿಲ್ಲ. ನೋಂದಾಯಿತ ಮನೆವಾಸ, ಪ್ರತಿ ಹಳ್ಳಿಯಲ್ಲಿ ಶೌಚಾಲಯ, ದಾರಿ ತೋರುವ ತಂಡಗಳಲ್ಲಿ ಊರಿನ ಹೆಣ್ಣುಮಕ್ಕಳು, ಬೀಟ್ ಪೊಲೀಸರ ಓಡಾಟ ಇವು ಮೊದಲು ಆಗಬೇಕು, ಫಲಕ ಆಮೇಲೆ. ಮೂರನೆಯದು ಜಂಗುಳಿ. 2024ರ ಜನವರಿಯಲ್ಲಿ ಕುಮಾರ ಪರ್ವತದ ಮೇಲೆ ಚಾರಣಿಗರ ಸಂತೆ ನೆರೆದದ್ದನ್ನು ಕಂಡು ಸರ್ಕಾರ ಚಾರಣಗಳನ್ನೇ ನಿಲ್ಲಿಸಿತು, ಬಳಿಕ ದಿನಕ್ಕೆ 300 ಜನರ ಮಿತಿ ಹಾಕಿ ಆನ್‌ಲೈನ್ ಟಿಕೆಟ್ ಜಾರಿಗೆ ತಂದಿತು. ಇಲ್ಲಿ ಆ ಮಿತಿ ಮೊದಲ ದಿನದಿಂದಲೇ ಇರಲಿ.

> ನಡೆಯುವವರ ಗಮನಕ್ಕೆ
>
> ಹಂಗಾಮು: ಸೆಪ್ಟೆಂಬರ್ ಕೊನೆಯಿಂದ ಫೆಬ್ರುವರಿ. ಏಪ್ರಿಲ್, ಮೇ ತಿಂಗಳ ಬಿಸಿಲು 40 ಡಿಗ್ರಿ ದಾಟುತ್ತದೆ, ಬೇಡ. ಹೊಳೆಗೆ ಇಳಿಯಬೇಡಿ: ಮೊಸಳೆಗಳಿವೆ, ಜಲಾಶಯದಿಂದ ನೀರು ಬಿಟ್ಟರೆ ಮಟ್ಟ ಹಠಾತ್ತನೆ ಏರುತ್ತದೆ. ಗುಡ್ಡದಂಚಿನಲ್ಲಿ ಬೆಳಿಗ್ಗೆ ಎಂಟಕ್ಕೆ ಮೊದಲು, ಸಂಜೆ ನಾಲ್ಕರ ನಂತರ ನಡೆಯಬೇಡಿ. ಅರಣ್ಯದ ಯಾವ ತುಂಡಿಗೂ ಇಲಾಖೆಯ ಅನುಮತಿ ಕಡ್ಡಾಯ.

ಮೂರು ಜಿಲ್ಲೆಗಳ ಜಿಲ್ಲಾಧಿಕಾರಿಗಳು ಒಂದು ದಿನ ಒಟ್ಟಿಗೆ ಕೂತರೆ ಕೆಲಸ ಶುರುವಾಗುತ್ತದೆ. ಇಡೀ ಸುತ್ತನ್ನು ಒಮ್ಮೆಗೇ ಮಾಡಬೇಕಿಲ್ಲ. ಅನಂತಶಯನಗುಡಿಯಿಂದ ಆನೆಗೊಂದಿ, ಅಲ್ಲಿಂದ ಕಾಲುವೆ ಏರಿಯ ಮೇಲೆ ಕಂಪ್ಲಿ. ಈ ಮೊದಲ ತುಂಡಿಗೆ ಭೂಸ್ವಾಧೀನ ಬೇಡ, ಮರ ಕಡಿಯಬೇಕಾಗಿಲ್ಲ. ಮುಂದಿನ ಹಂಗಾಮಿನೊಳಗೆ ಇದಿಷ್ಟನ್ನು ಗುರುತಿಸಿ ಕೊಡಿ ಎಂದು ಪ್ರವಾಸೋದ್ಯಮ ಇಲಾಖೆಯನ್ನು ಕೇಳೋಣ. ಓದುಗರು ಅಲ್ಲಿಯವರೆಗೆ ಕಾಯಬೇಕಿಲ್ಲ. ಈ ದಸರಾ ರಜೆಗೆ ಹಂಪಿಗೆ ಬರುವವರು ಒಂದು ದಿನ ಹೆಚ್ಚು ಇಟ್ಟುಕೊಳ್ಳಿ. ಕಾರನ್ನು ಹೊಸಪೇಟೆಯಲ್ಲೇ ಬಿಟ್ಟು, ಕೋದಂಡರಾಮನ ಗುಡಿಯಿಂದ ಹೊಳೆಯಂಚಿನಲ್ಲಿ ತಳವಾರಘಟ್ಟಕ್ಕೆ ನಡೆದು, ಹೊಳೆ ದಾಟಿ ಆನೆಗೊಂದಿಯ ಮನೆಯೊಂದರಲ್ಲಿ ಉಂಡು, ಆ ರಾತ್ರಿ ಅಲ್ಲೇ ಉಳಿಯಿರಿ.